ಹರಿದು ಎಸೆಯುವ ಒತ್ತಾಸೆಯ ಕತೆ

ಕಳೆದ ತಿಂಗಳು ಅತ್ತಿಗೆ ಒಂದು ಚೀಲ ತಂದು ನನ್ನ ಮುಂದೆ ಸುರಿದರು. ಐದು ಸುರುಳಿಗಳು. ಐದೂ ಬಿಳಿ. ಒಂದರ ಮೇಲೂ ಹೆಸರಿಲ್ಲ. ಅವರು ಕೊಂಡ ಸೆಕೆಂಡ್ ಹ್ಯಾಂಡ್ ಎಂಬ್ರಾಯ್ಡರಿ ಮಷೀನಿನ ಜೊತೆ ಬಂದಿದ್ದವಂತೆ. ಮಾರಿದವರನ್ನು ಕೇಳಿದರೆ "ಎಲ್ಲಾ ಕೆಳಗೆ ಹಾಕೋ ಪೇಪರ್ರೇ ಮೇಡಂ" ಅಂದರಂತೆ, ಅಷ್ಟೇ.

"ಪುಸ್ತಕ ಓದ್ತೀಯಲ್ಲ, ಇದರಲ್ಲಿ ಯಾವುದು ಏನು ಅಂತ ಹೇಳು ನೋಡೋಣ" ಅಂತ ಸವಾಲು.

ನಗಬಹುದಾಗಿತ್ತು, ಆದರೆ ಚೀಲದ ತಳದಲ್ಲಿ ಇನ್ನೊಂದು ವಸ್ತು ಇತ್ತು. ಅವರ ಅಮ್ಮನ ಧಾರೆ ಸೀರೆ. ಅಮ್ಮ ಈಗಿಲ್ಲ. ಸೀರೆ ಮಡಿಕೆಯ ಗೆರೆಗಳಲ್ಲೆಲ್ಲ ಸೀಳಿ ಹೋಗಿದೆ, ಗಟ್ಟಿಯಾಗಿ ಉಳಿದ ಭಾಗದಲ್ಲಿ ಒಂದು ರವಿಕೆ ಆಗಬಹುದು, ಅಷ್ಟೆ. ಆ ರವಿಕೆಯ ತೋಳಿನ ಮೇಲೆ ಮಾವಿನಕಾಯಿ ಬುಟ್ಟ ಹಾಕಿ ಮಗಳ ಮದುವೆಗೆ ಉಡಬೇಕು ಅಂತ ಅತ್ತಿಗೆಯ ಆಸೆ. ಹಳೆಯ ಬಟ್ಟೆಯೊಂದರ ಮೇಲೆ ಮೊದಲು ಹಾಕಿ ನೋಡಿದ್ದಾರೆ. ಮಾವಿನಕಾಯಿ ಹೋಗಿ ಹಾಗಲಕಾಯಿ ಆಗಿದೆ, ಸುತ್ತಲೂ ಸುಕ್ಕೋ ಸುಕ್ಕು. ರೇಷ್ಮೆಯ ಮೇಲೆ ಹೀಗಾದರೆ ಇನ್ನೊಂದು ತುಂಡು ಎಲ್ಲಿಂದ ತರುವುದು?

ಹಾಗೆ ಶುರುವಾದ ಹುಡುಕಾಟ ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ಈ ಬಿಳಿ ಸುರುಳಿಗಳಿಗೆ ಇಂಗ್ಲಿಷಿನಲ್ಲಿ ಸ್ಟೆಬಿಲೈಸರ್ ಅನ್ನುತ್ತಾರೆ. ಕನ್ನಡದಲ್ಲಿ? ಅಸ್ತರು ಅಂದರೆ ತಪ್ಪಾಗುತ್ತದೆ, ಅದು ಬಟ್ಟೆಯ ಜೊತೆ ಉಳಿದುಕೊಳ್ಳುವ ಒಳಬಟ್ಟೆ. ಕೆಲಸ ಮುಗಿಯುವವರೆಗೆ ಆಸರೆಯಾಗಿ ನಿಂತು, ಮುಗಿದ ಮೇಲೆ ಹೆಚ್ಚಾಗಿ ಹೊರಟೇ ಹೋಗುವುದು ಇದು. ನನಗೆ ಹೊಳೆದ ಪದ 'ಒತ್ತಾಸೆ'. ಕಷ್ಟಕಾಲದಲ್ಲಿ ಒತ್ತಾಸೆಯಾಗಿ ನಿಂತರು ಅನ್ನುತ್ತೇವಲ್ಲ, ಅದೇ. ಸದ್ಯಕ್ಕೆ ಹಾಗೇ ಕರೆಯುತ್ತೇನೆ.

ಕೈಕಸೂತಿಯಲ್ಲಿ ಬಟ್ಟೆಯನ್ನು ಹಿಡಿದಿಡುವುದು ಮರದ ರಿಂಗು ಮತ್ತು ಹೊಲಿಯುವವರ ಎಡಗೈ. ದಾರ ಜಾಸ್ತಿ ಬಿಗಿಯಾದರೆ ಬೆರಳಿಗೇ ಗೊತ್ತಾಗುತ್ತದೆ, ತಕ್ಷಣ ಸಡಿಲ ಬಿಡುತ್ತದೆ. ಆದರೂ ಕೆಲಸ ಮುಗಿದ ಮೇಲೆ ತೆಗೆದುಹಾಕುವ ಆಸರೆ ಎಂಬ ಉಪಾಯ ಕೈಕಸೂತಿಗೂ ಹೊಸದಲ್ಲ. ನಮ್ಮ ಧಾರವಾಡದ ಕಡೆಯ ಕಸೂತಿಯನ್ನೇ ನೋಡಿ. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಈ ನಾಲ್ಕು ಬಗೆಯ ಹೊಲಿಗೆಗಳೂ ಬಟ್ಟೆಯ ಎಳೆ ಎಣಿಸಿ ಹಾಕುವಂಥವು. ಪೆನ್ಸಿಲ್ ಗೆರೆ ಇಲ್ಲ, ಗಂಟೂ ಇಲ್ಲ. ಹಾಗಾದರೆ ಎಳೆ ಎಣಿಸಲು ಬಾರದಷ್ಟು ನಯವಾದ ರೇಷ್ಮೆಯ ಮೇಲೆ ಏನು ಮಾಡುವುದು? ಎಳೆ ಎಣಿಸಲು ಬರುವ ಜಾಳು ಬಟ್ಟೆಯೊಂದನ್ನು ಮೇಲಿಟ್ಟು ಟಾಕು ಹಾಕಿ, ಎರಡನ್ನೂ ಸೇರಿಸಿ ಕಸೂತಿ ಹಾಕುತ್ತಾರೆ. ಮುಗಿದ ಮೇಲೆ ಆ ಜಾಳು ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದುಬಿಡುತ್ತಾರೆ. ಚಿತ್ತಾರ ಮಾತ್ರ ರೇಷ್ಮೆಯ ಮೇಲೆ ಉಳಿಯುತ್ತದೆ. ಇದರ ಕೆಲಸ ಬಟ್ಟೆಯನ್ನು ಬಿಗಿಹಿಡಿಯುವುದಲ್ಲ, ಎಣಿಕೆಗೆ ದಾರಿ ತೋರಿಸುವುದು. ಆದರೆ ಬಂದು ಹೋಗುವ ಗುಣ ಒಂದೇ.

ಈಗ ಯಂತ್ರದ ಕತೆ. 1828ರಲ್ಲಿ ಫ್ರಾನ್ಸಿನ ಮುಲೂಸ್ ಎಂಬ ಊರಿನಲ್ಲಿ ಜೊಸುಯೆ ಹೈಲ್‌ಮಾನ್ ಎಂಬಾತ ಕಸೂತಿ ಯಂತ್ರವೊಂದನ್ನು ಕಟ್ಟಿದ. ಬಟ್ಟೆಯನ್ನು ದೊಡ್ಡ ಚೌಕಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿ ಬಿಗಿದು, ಎರಡೂ ಕಡೆಯಿಂದ ಗಾಡಿಯಂಥ ಸಾಲುಗಳು ಬಂದು ಸೂಜಿಗಳನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ದಾಟಿಸುತ್ತಿದ್ದವು. ಸೂಜಿಗೆ ಎರಡೂ ತುದಿ ಚೂಪು, ಕಣ್ಣು ನಡುವಿನಲ್ಲಿ. ಕೆಲಸಗಾರ ಒಂದು ಕೈಯಲ್ಲಿ, ಆರು ಪಟ್ಟು ದೊಡ್ಡದಾಗಿ ಬರೆದ ನಕ್ಷೆಯ ಗೆರೆಯ ಮೇಲೆ ಸಲಾಕೆಯನ್ನು ಇಟ್ಟರೆ, ಬಟ್ಟೆಯ ಚೌಕಟ್ಟು ಅದರ ಆರನೇ ಒಂದು ಪಾಲು ಸರಿಯುತ್ತಿತ್ತು. ಒಂದೇ ಹೂವು ನೂರಾರು ಕಡೆ ಒಟ್ಟಿಗೆ ಅರಳುತ್ತಿತ್ತು. ಇಲ್ಲಿ ಆ ಭಾರಿ ಚೌಕಟ್ಟೇ ಒತ್ತಾಸೆ.

ಈ ಯಂತ್ರ ನಿಜವಾಗಿ ಬೇರೂರಿದ್ದು ಪೂರ್ವ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲನ್ ಸುತ್ತಮುತ್ತ, 1850ರ ದಶಕದಲ್ಲಿ ಫ್ರಾಂಜ್ ರಿಟ್‌ಮೈಯರ್ ಮೊದಲಾದವರು ಅದನ್ನು ಸುಧಾರಿಸಿದ ಮೇಲೆ. ಕ್ರಮೇಣ ಕಾರ್ಖಾನೆಯಿಂದ ಹಳ್ಳಿಯ ಮನೆಗಳಿಗೂ ಬಂತು. ಗಂಡಸು ಯಂತ್ರದ ಮುಂದೆ, ಹೆಂಡತಿ ಮಕ್ಕಳು ಸೂಜಿಗೆ ದಾರ ಪೋಣಿಸಲು. ನೂರಾರು ಸೂಜಿ, ಒಂದೊಂದಕ್ಕೆ ಸುಮಾರು ಒಂದು ಮೀಟರ್ ದಾರ. ಅದು ಮುಗಿದರೆ ಮತ್ತೆ ನೂರಾರು ಸೂಜಿ. 1877ರ ಸ್ವಿಸ್ ಕಾರ್ಖಾನೆ ಕಾಯಿದೆ ಹದಿನಾಲ್ಕು ತುಂಬದ ಮಕ್ಕಳನ್ನು ಕಾರ್ಖಾನೆಯಿಂದ ಹೊರಗಿಟ್ಟಿತು. ಆದರೆ ಮನೆಯೊಳಗಿನ ಕೆಲಸಕ್ಕೆ ಆ ಕಾಯಿದೆ ಬರಲಿಲ್ಲ. ಶಾಲೆಗೆ ಮುಂಚೆ ಒಂದಿಷ್ಟು ಹೊತ್ತು, ಶಾಲೆ ಬಿಟ್ಟ ಮೇಲೆ ಇನ್ನೊಂದಿಷ್ಟು ಹೊತ್ತು ಮಕ್ಕಳು ದಾರ ಪೋಣಿಸುತ್ತಲೇ ಇದ್ದರು. ಹೂವಿನ ಅಂಚು ಎಷ್ಟು ಚೆಂದವೆಂದು ಪ್ಯಾರಿಸ್ಸಿನಲ್ಲಿ ಹೊಗಳಿದವರಿಗೆ ಆ ಬೆರಳುಗಳು ಕಾಣಿಸಿರಲಾರವು. ಬಟ್ಟೆಯ ಕೆಳಗೆ ಇದ್ದು ಕೊನೆಗೆ ಕಾಣದೇ ಹೋಗುವ ಒತ್ತಾಸೆ ಬರೀ ಪೇಪರು ಮಾತ್ರವಲ್ಲ ಅನ್ನಿಸಿದ್ದು ಇದನ್ನು ಓದಿದಾಗ.

1863ರಲ್ಲಿ ಇಸಾಕ್ ಗ್ರೋಬ್ಲಿ ಎಂಬ ಸ್ವಿಸ್ ನೇಕಾರ, ಹೊಲಿಗೆ ಮಷೀನನ್ನು ನೋಡಿ ಹೊಸ ದಾರಿ ಹಿಡಿದ. ಮೇಲಿನಿಂದ ಒಂದು ದಾರ, ಹಿಂದಿನಿಂದ ಪುಟ್ಟ ಲಾಳಿಯೊಳಗಿನ ಇನ್ನೊಂದು ದಾರ. ಆ ಲಾಳಿ ದೋಣಿಯ ಆಕಾರದಲ್ಲಿತ್ತು. 'ಪುಟ್ಟ ದೋಣಿ' ಅನ್ನುವುದಕ್ಕೆ ಅಲ್ಲಿನ ಆಡುಮಾತಿನಲ್ಲಿ ಷಿಫ್ಲಿ. ಇವತ್ತಿಗೂ ಅದಕ್ಕೆ ಷಿಫ್ಲಿ ಯಂತ್ರ ಅಂತಲೇ ಹೆಸರು. ಮೀಟರಿಗೊಮ್ಮೆ ಸೂಜಿ ಪೋಣಿಸುವ ಕಾಟ ತಪ್ಪಿತು, ವೇಗ ಹೆಚ್ಚಿತು. (ಲಾಳಿಗಳಿಗೆ ದಾರ ತುಂಬುವ ಕೆಲಸ ಮಾತ್ರ ಮತ್ತೆ ಹೆಂಗಸರು ಮಕ್ಕಳ ಪಾಲಿಗೇ ಬಂತು ಅನ್ನಿ...)

ಎರಡು ದಾರ ಬಂದ ಮೇಲೆ ಬಟ್ಟೆಯ ಪಾಡು ಬದಲಾಯಿತು. ಒಂದೊಂದು ಹೊಲಿಗೆಯಲ್ಲೂ ಮೇಲಿನ ದಾರ ಮೇಲಕ್ಕೆ, ಕೆಳಗಿನ ದಾರ ಕೆಳಕ್ಕೆ ಜಗ್ಗುತ್ತದೆ. ಒತ್ತೊತ್ತಾಗಿ ಹೊಲಿಗೆ ಹಾಕಿದಾಗ ಆ ಎಳೆತ ಒಟ್ಟುಗೂಡಿ, ನಡುವಿನ ಬಟ್ಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ದುಂಡಗಿನ ಬೊಟ್ಟು ಮೊಟ್ಟೆಯಾಗುತ್ತದೆ, ಅಂಚಿನಲ್ಲಿ ಸುಕ್ಕು ಬೀಳುತ್ತದೆ. ಅತ್ತಿಗೆಯ ಹಾಗಲಕಾಯಿಯ ಗುಟ್ಟು ಇದೇ. ಕೈಯಲ್ಲಾದರೆ ಬೆರಳು ತಡೆಯುತ್ತಿತ್ತು. ನಿಮಿಷಕ್ಕೆ ನೂರಾರು ಸಲ ಕುಟ್ಟುವ ಸೂಜಿಗೆ ಬೆರಳಿಲ್ಲ. ಆ ಬೆರಳಿನ ಕೆಲಸವನ್ನು ಯಾವುದಾದರೂ ವಸ್ತು ಮಾಡಬೇಕು.

ಆಗ ಬಂದದ್ದು ಈ ಇತಿಹಾಸದ ಅತ್ಯಂತ ವಿಚಿತ್ರವಾದ ತಿರುವು. 1880ರ ದಶಕದಲ್ಲಿ ಸೇಂಟ್ ಗಾಲನ್ ಮತ್ತು ಜರ್ಮನಿಯ ಪ್ಲೌಯೆನ್ ಎಂಬ ಊರಿನವರು ಒಂದು ಪ್ರಶ್ನೆ ಕೇಳಿಕೊಂಡರು. ಯಂತ್ರ ಬಟ್ಟೆಯ ಮೇಲೆ ಕಸೂತಿ ಹಾಕುತ್ತದೆ, ಆದರೆ ಲೇಸಿನಲ್ಲಿ ಬಟ್ಟೆಯೇ ಇಲ್ಲವಲ್ಲ, ಹಾಗಾದರೆ ಕಸೂತಿ ಹಾಕಿ ಆಮೇಲೆ ಬಟ್ಟೆಯನ್ನೇ ಮಾಯ ಮಾಡಿದರೆ? ತೆಳು ರೇಷ್ಮೆ ಬಟ್ಟೆಯ ಮೇಲೆ ಹತ್ತಿ ದಾರದಲ್ಲಿ ಹೂವಿಗೆ ಹೂವು ಕೊಂಡಿ ಸೇರಿಸುತ್ತ ಚಿತ್ತಾರ ಹಾಕಿದರು. ಆಮೇಲೆ ಕ್ಷಾರದ ಅಥವಾ ಕ್ಲೋರಿನ್ ದ್ರಾವಣದಲ್ಲಿ ಅದ್ದಿದರು. ರೇಷ್ಮೆ ಪ್ರೋಟೀನು, ಕರಗಿಹೋಯಿತು. ಹತ್ತಿ ಸೆಲ್ಯುಲೋಸು, ಉಳಿಯಿತು. ಕೈಯಲ್ಲಿ ತಿಂಗಳುಗಟ್ಟಲೆ ಹೆಣೆಯಬೇಕಾಗಿದ್ದ ಲೇಸು ಯಂತ್ರದಿಂದ ಬಂತು. ಇದಕ್ಕೆ ಕೆಮಿಕಲ್ ಲೇಸ್ ಅಂತ ಹೆಸರು. 1900ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ಪ್ಲೌಯೆನ್ ಲೇಸಿಗೆ ಗ್ರ್ಯಾಂಡ್ ಪ್ರಿ ಬಹುಮಾನ ಸಿಕ್ಕಿತು.

ನಮ್ಮ ಮಹಾ ಮರ್ಯಾದೆಯ ರೇಷ್ಮೆ ಅಲ್ಲಿ ಚರಂಡಿಗೆ ಹೋಗುವ ಒತ್ತಾಸೆ! ಮೊದಲ ಸಲ ಓದಿದಾಗ ನನಗಂತೂ ಹೊಟ್ಟೆ ಚುರುಕ್ ಅಂದಿತು. ಅಂದಹಾಗೆ ಈ ಬಗೆಯ ಲೇಸಿಗೆ ಗಿಪ್ಯೂರ್ ಎಂಬ ಹೆಸರೂ ಇದೆ. ನಮ್ಮ ಅಂಗಡಿಗಳಲ್ಲಿ 'ಜಿಪಿಒ ಲೇಸ್' ಅಂತ ಮಾರುವುದು ಇದೇ ಗಿಪ್ಯೂರಿನ ಅಪಭ್ರಂಶ ಇರಬೇಕು. ಅಂಚೆ ಕಚೇರಿಗೂ ಇದಕ್ಕೂ ಸಂಬಂಧವಿಲ್ಲ :)

ಮೇಲಿನ ರಸಾಯನಶಾಸ್ತ್ರವನ್ನು ತಿರುವಿ ಹಾಕಿದರೂ ನಡೆಯುತ್ತದೆ. ಕಸೂತಿಯ ದಾರವೇ ರೇಷ್ಮೆ ಅಥವಾ ಉಣ್ಣೆಯಾದರೆ? ಆಗ ಕೆಳಗೆ ಹತ್ತಿಬಟ್ಟೆ. ಅದನ್ನು ಮೊದಲೇ ಆಮ್ಲಗುಣದ ರಾಸಾಯನಿಕದಲ್ಲಿ ನೆನೆಸಿ ಒಣಗಿಸಿರುತ್ತಾರೆ. ಕಸೂತಿ ಮುಗಿದ ಮೇಲೆ ಬಿಸಿ ಕೊಟ್ಟರೆ ಹತ್ತಿ ಕಂದಾಗಿ, ಪುಡಿಪುಡಿಯಾಗಿ ಉದುರುತ್ತದೆ. ಮುಂದೆ ಅಸಿಟೇಟ್ ಬಟ್ಟೆ ಬಂದಾಗ ಅದನ್ನು ಅಸಿಟೋನಿನಲ್ಲಿ ಕರಗಿಸಿದರು. ಹೀಗೆ ಒತ್ತಾಸೆಯನ್ನು ಆರಿಸುವ ಮೊದಲ ಸೂತ್ರ ಆಗಲೇ ಸಿದ್ಧವಾಗಿತ್ತು. ಉಳಿಯಬೇಕಾದದ್ದು ಯಾವುದು, ಹೋಗಬೇಕಾದದ್ದು ಯಾವುದು, ಎರಡನ್ನೂ ಬೇರೆ ಮಾಡುವುದು ನೀರೋ ಬಿಸಿಯೋ ಕತ್ತರಿಯೋ ಅಂತ ಮೊದಲೇ ಯೋಚಿಸಬೇಕು.

ಆ ಊರುಗಳ ವೈಭವ ಬಹುಕಾಲ ಉಳಿಯಲಿಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಕಸೂತಿ ಸ್ವಿಟ್ಜರ್ಲೆಂಡಿನ ಅತಿ ದೊಡ್ಡ ರಫ್ತು, ಗಡಿಯಾರಕ್ಕಿಂತಲೂ ದೊಡ್ಡದು. ಪ್ಲೌಯೆನ್ನಿನ ಜನಸಂಖ್ಯೆ 1912ರಲ್ಲಿ 1,28,000 ಮುಟ್ಟಿತ್ತು. ಯುದ್ಧ ಬಂತು, ಲೇಸು ಕೊಳ್ಳುವವರು ಇಲ್ಲವಾದರು. ಯುದ್ಧ ಮುಗಿದಾಗ ಫ್ಯಾಷನ್ ಬದಲಾಗಿತ್ತು, ಹೆಂಗಸರ ಉಡುಪು ಸರಳವಾಗಿತ್ತು. 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸರಕಾರದ ನೆರವಿನಿಂದಲೇ ಕಸೂತಿ ಯಂತ್ರಗಳನ್ನು ಒಡೆದು ಗುಜರಿಗೆ ಹಾಕಿದರು.

ಆದರೆ ಕರಗುವ ಬಟ್ಟೆಯ ಕತೆ ಮುಗಿಯಲಿಲ್ಲ. 1924ರಲ್ಲಿ ಜರ್ಮನಿಯ ವಿಲ್ಲಿ ಹೆರ್ಮಾನ್ ಮತ್ತು ವೋಲ್ಫ್‌ರಾಮ್ ಹೇನೆಲ್ ಎಂಬ ರಸಾಯನಶಾಸ್ತ್ರಜ್ಞರು ಪಾಲಿವಿನೈಲ್ ಆಲ್ಕೋಹಾಲ್ ಎಂಬ ವಸ್ತುವನ್ನು ತಯಾರಿಸಿದರು. ಪಿವಿಎ ಅಂತ ಚಿಕ್ಕದಾಗಿ ಕರೆಯೋಣ. ಇದರಿಂದ ನೂಲು ತೆಗೆಯಬಹುದಿತ್ತು, ಆದರೆ ಒಂದು ದೊಡ್ಡ ದೋಷ. ನೀರು ತಗುಲಿದರೆ ಕರಗುತ್ತದೆ. ಮಳೆಯಲ್ಲಿ ಕರಗುವ ಅಂಗಿ ಯಾರಿಗೆ ಬೇಕು? 1939ರಲ್ಲಿ ಜಪಾನಿನ ಕ್ಯೋಟೋದಲ್ಲಿ ಸಾಕುರಾದಾ ಇಚಿರೋ ಮತ್ತು ಕೊರಿಯಾದಿಂದ ಬಂದಿದ್ದ ರಿ ಸುಂಗ್ ಗಿ ಇವರ ತಂಡ ಆ ನೂಲಿಗೆ ಫಾರ್ಮಾಲ್ಡಿಹೈಡಿನ ಸಂಸ್ಕಾರ ಕೊಟ್ಟು ಕರಗದ ಹಾಗೆ ಮಾಡಿತು. ಅದೇ ವಿನೈಲಾನ್. 1950ರಲ್ಲಿ ಜಪಾನಿನ ಕುರಾರೇ ಕಂಪನಿ ಅದನ್ನು ಮಾರುಕಟ್ಟೆಗೆ ತಯಾರಿಸತೊಡಗಿತು. ಕೊರಿಯಾ ಯುದ್ಧದ ಹೊತ್ತಿಗೆ ರಿ ಸುಂಗ್ ಗಿ ಉತ್ತರ ಕೊರಿಯಾಕ್ಕೆ ಹೋದರು. 1961ರಲ್ಲಿ ಅಲ್ಲಿಯ ಹಾಮ್‌ಹುಂಗಿನಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು, ವಿನೈಲಾನ್ ಆ ದೇಶದ ಹೆಮ್ಮೆಯ ಬಟ್ಟೆಯಾಯಿತು.

ತಮಾಷೆ ನೋಡಿ. ಅಷ್ಟು ಜನ ವಿಜ್ಞಾನಿಗಳು ಪಟ್ಟುಹಿಡಿದು ಹೋಗಲಾಡಿಸಿದ ದೋಷವೇ ಕಸೂತಿಯವರಿಗೆ ಬೇಕಾದ ಗುಣ. ಸಂಸ್ಕಾರ ಕೊಡದ ಪಿವಿಎ ಮೇಲೆ ಕಸೂತಿ ಹಾಕಿ ನೀರಿಗೆ ಅದ್ದಿದರೆ ಸಾಕು. ಕ್ಷಾರ ಬೇಡ, ಕ್ಲೋರಿನ್ ಬೇಡ, ಅಸಿಟೋನ್ ಬೇಡ. ಪಿವಿಎ ತಯಾರಿಸುವ ರೀತಿಯ ಮೇಲೆ ಕೆಲವು ತಣ್ಣೀರಿನಲ್ಲೇ ಕರಗುತ್ತವೆ, ಕೆಲವಕ್ಕೆ ಬಿಸಿನೀರೇ ಬೇಕು. ಈ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಉಳಿದ ಸುರುಳಿಗಳ ಮೂಲ ಒಂದು ಚರ್ಮದ ಕಾರ್ಖಾನೆ. ಜರ್ಮನಿಯ ವೈನ್‌ಹೈಮಿನ ಫ್ರಾಯ್ಡನ್‌ಬರ್ಗ್ ಚರ್ಮ ಹದಮಾಡುವ ಕಂಪನಿ. ಚರ್ಮಕ್ಕೆ ಬದಲಿ ವಸ್ತು ಹುಡುಕುತ್ತ 1936ರಲ್ಲಿ ಅಲ್ಲಿನವರು ನೇಯದೆ, ಹೆಣೆಯದೆ, ಎಳೆಗಳನ್ನು ಹರಡಿ ಅಂಟಿಸಿ ಬಟ್ಟೆ ಮಾಡುವ ಪ್ರಯೋಗ ಶುರುಮಾಡಿದರು. ಚರ್ಮದ ಬದಲಿಗೆ ಅಂತ ಹುಟ್ಟಿದ್ದು 1948ರ ಹೊತ್ತಿಗೆ ಕೋಟಿನ ಒಳಗೆ ಹಾಕುವ ವ್ಲೀಸೆಲೀನ್ ಆಗಿ ಬಂತು. ನಾವು ನಾನ್‌ವೋವನ್ ಅನ್ನುವ ಬಟ್ಟೆಯ ದೊಡ್ಡಪ್ಪ ಇದು. ನೇಯ್ದ ಬಟ್ಟೆಗೆ ಹಾಸು ಹೊಕ್ಕು ಇರುವುದರಿಂದ ಓರೆಯಾಗಿ ಎಳೆದರೆ ಸೊಟ್ಟಗಾಗುತ್ತದೆ. ಎಲ್ಲ ದಿಕ್ಕಿಗೂ ಎಳೆ ಹರಡಿದ ನಾನ್‌ವೋವನ್ನಿಗೆ ಆ ಓರೆ ಇಲ್ಲ. ಸೂಜಿ ಎತ್ತ ಎಳೆದರೂ ಹೆಚ್ಚುಕಡಿಮೆ ಒಂದೇ ಥರ ತಡೆಯುತ್ತದೆ. ಎಳೆ ಗಿಡ್ಡವಿದ್ದು ಸಡಿಲವಾಗಿ ಅಂಟಿದ್ದರೆ ಕಾಗದದಂತೆ ಹರಿಯುತ್ತದೆ, ಉದ್ದವಿದ್ದು ಗಟ್ಟಿಯಾಗಿ ಬೆಸೆದಿದ್ದರೆ ಕತ್ತರಿಯೇ ಬೇಕು.

ನಮ್ಮ ಕಡೆ ಕಾಲಿನ ಮಷೀನಿನಲ್ಲಿ ರಿಂಗು ಹಿಡಿದು ಕಸೂತಿ ಹಾಕುತ್ತಿದ್ದವರು ಇದನ್ನೆಲ್ಲ ನೋಡಿರಲಿಲ್ಲ. ಬಟ್ಟೆ ಜಾರಿದರೆ ಕೆಳಗೆ ಒಂದು ಹಾಳೆ ನ್ಯೂಸ್‌ಪೇಪರ್ ಇಡುತ್ತಿದ್ದರು, ಮುಗಿದ ಮೇಲೆ ಹರಿದು ಎಸೆಯುತ್ತಿದ್ದರು. ಮಸಿ ಹತ್ತುತ್ತಿತ್ತು, ಆದರೆ ಉಪಾಯ ಸರಿಯಾದದ್ದೇ. ಕೈ ಇನ್ನೂ ರಿಂಗಿನ ಮೇಲೆ ಇದ್ದುದರಿಂದ ಅಷ್ಟು ಸಾಕಾಗುತ್ತಿತ್ತು. 1990ರಲ್ಲಿ ಜನೋಮೆ ಕಂಪನಿಯ ಮೆಮೊರಿ ಕ್ರಾಫ್ಟ್ 8000 ಬಂದ ಮೇಲೆ ಕಾರ್ಖಾನೆಯ ಥರದ ಕಂಪ್ಯೂಟರ್ ಕಸೂತಿ ಮನೆಯೊಳಕ್ಕೆ ಕಾಲಿಟ್ಟಿತು. ಮನುಷ್ಯನ ಕೈ ಬಟ್ಟೆಯನ್ನು ಪೂರ್ತಿ ಬಿಟ್ಟಿತು. ಜೊತೆಗೇ ಕಾರ್ಖಾನೆಯ ಮೇಸ್ತ್ರಿ ಮಾಡುತ್ತಿದ್ದ ಆಯ್ಕೆಯೂ ಮನೆಯವರ ತಲೆಗೆ ಬಂತು. ಯಾವ ಬಟ್ಟೆಗೆ ಯಾವ ಒತ್ತಾಸೆ?

ಈಗ ಮತ್ತೆ ನಮ್ಮ ಐದು ಸುರುಳಿಗಳಿಗೆ ಬರೋಣ. ಇತಿಹಾಸ ಗೊತ್ತಾದ ಮೇಲೆ ಪರೀಕ್ಷೆ ಸುಲಭ. ಒಂದೊಂದರ ಅಂಗೈಯಗಲ ತುಂಡು ತೆಗೆದುಕೊಂಡು ಅಡುಗೆಮನೆಯಲ್ಲಿ ಕೂತೆವು.

ಮೊದಲು ನೀರು. ಪ್ಲಾಸ್ಟಿಕ್ ಹಾಳೆಯಂತಿದ್ದ ಒಂದು ಸುರುಳಿಯ ಮೇಲೆ ಒಂದು ತೊಟ್ಟು ತಣ್ಣೀರು ಬಿಟ್ಟೆವು. ಅಂಟಂಟಾಗಿ ತೂತು ಬಿತ್ತು. ಪಿವಿಎ ಹಾಳೆ. ಟವಲಿನಂಥ ಜೂಲು ಬಟ್ಟೆಯ ಮೇಲೆ ಹಾಸಿದರೆ ಹೊಲಿಗೆ ಜೂಲಿನೊಳಗೆ ಮುಳುಗದ ಹಾಗೆ ತಡೆಯುತ್ತದೆ.

ಆಮೇಲೆ ಕೈ. ಉದ್ದಕ್ಕೂ ಅಡ್ಡಕ್ಕೂ ಹರಿದು ನೋಡಿದೆವು. ಒಂದು ಪರ್ರೆಂದು ಕಾಗದದ ಸದ್ದು ಮಾಡಿ ಹರಿಯಿತು. ಅದು ಹರಿಯುವ ಜಾತಿ, ಹಿಗ್ಗದ ಗಟ್ಟಿ ನೇಯ್ಗೆಯ ಬಟ್ಟೆಗೆ ಸರಿ. ಇನ್ನೊಂದು ಮೆತ್ತಗೆ, ಜಾಲರಿಯ ಗುರುತಿತ್ತು, ಎಷ್ಟು ಎಳೆದರೂ ಹರಿಯಲಿಲ್ಲ. ಅದು ಕತ್ತರಿಸುವ ಜಾತಿ. ಹೊಲಿಗೆಯ ಕೆಳಗೆ ಖಾಯಂ ಉಳಿಯುತ್ತದೆ. ಟೀ ಶರ್ಟಿನಂಥ ಹಿಗ್ಗುವ ಬಟ್ಟೆಗೆ ಇದೇ ಬೇಕು, ಯಾಕೆಂದರೆ ಆ ಬಟ್ಟೆ ಪ್ರತಿ ಸಲ ಉಟ್ಟಾಗಲೂ ಒಗೆದಾಗಲೂ ಹಿಗ್ಗುತ್ತದೆ.

ನಾಲ್ಕನೆಯದಕ್ಕೆ ಒಂದು ಮಗ್ಗುಲಲ್ಲಿ ಮಿರುಗು. ಹಳೆ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿದರೆ ಅಂಟಿಕೊಂಡಿತು. ಟೈಲರುಗಳು ಫ್ಯೂಸಿಂಗ್ ಅನ್ನುತ್ತಾರಲ್ಲ, ಅದು.

ಐದನೆಯದು ಕೈಕೊಡಲು ಕಾದಿತ್ತು. ನೋಡಲು ಮಾಮೂಲಿ ನಾನ್‌ವೋವನ್. ಮೆತ್ತಗೆ, ಬಿಳಿ, ಸುಲಭಕ್ಕೆ ಹರಿಯುವುದಿಲ್ಲ. ತಣ್ಣೀರಿಗೆ ಏನೂ ಆಗಲಿಲ್ಲ. "ಇದೇ ಚೆನ್ನಾಗಿದೆ, ಅಮ್ಮನ ಸೀರೆಗೆ ಇದನ್ನೇ ಹಾಕ್ತೀನಿ" ಅಂದರು ಅತ್ತಿಗೆ. ನನಗೆ ಆ ಬಿಸಿನೀರಿನ ಮಾತು ನೆನಪಾಯಿತು. ಕುದಿಯುತ್ತಿದ್ದ ನೀರನ್ನು ಲೋಟಕ್ಕೆ ಬಗ್ಗಿಸಿ ತುಂಡನ್ನು ಬಿಟ್ಟರೆ, ಮುದುಡಿ, ಗಂಜಿಯಾಗಿ, ಮಾಯ! ಲೇಸು ಮಾಡುವ ಬಿಸಿನೀರಿನ ಪಿವಿಎ. ಅದನ್ನು ರೇಷ್ಮೆಯ ಕೆಳಗೆ ಹಾಕಿದ್ದರೆ ತೆಗೆಯಲು ಹಳೆಯ ಧಾರೆ ಸೀರೆಯನ್ನು ಕುದಿನೀರಿಗೆ ಅದ್ದಬೇಕಾಗುತ್ತಿತ್ತು. ಬಣ್ಣ, ಜರಿ ಎಲ್ಲ ದೇವರೇ ಗತಿ. ಇಬ್ಬರೂ ಸ್ವಲ್ಪ ಹೊತ್ತು ಆ ಲೋಟವನ್ನೇ ನೋಡುತ್ತ ಕೂತೆವು.

ಕೊನೆಗೆ ಆರಿಸಿದ್ದು ಮೂರನೆಯದನ್ನು, ಜಾಲರಿಯ ಮೆತ್ತನೆಯದನ್ನು. ಸೀರೆ ಹಳೆಯದು, ಕಾಗದ ಹರಿದಂತೆ ಎಳೆದರೆ ರೇಷ್ಮೆಯೇ ಸೀಳಬಹುದು. ಕತ್ತರಿಸುವುದಾದರೆ ಎಳೆತವೇ ಇಲ್ಲ. ಉಳಿದ ಭಾಗ ಮೈಗೆ ಚುಚ್ಚದ ಹಾಗೆ ರವಿಕೆಗೆ ಹೇಗೂ ಅಸ್ತರು ಇರುತ್ತದೆ. ರಿಂಗಿನ ಬಿಗಿಯೂ ರೇಷ್ಮೆಗೆ ಬೇಡವೆಂದು ರಿಂಗಿಗೆ ಒತ್ತಾಸೆಯನ್ನು ಮಾತ್ರ ಬಿಗಿದು, ಸೀರೆಯ ತುಂಡನ್ನು ಅದರ ಮೇಲಿಟ್ಟು, ಬುಟ್ಟದ ಹೊರಗೆ ಸುತ್ತಲೂ ಕೈಯಲ್ಲೇ ಟಾಕು ಹಾಕಿದರು. ಬುಟ್ಟದ ಹೊಲಿಗೆಯ ಒತ್ತನ್ನೂ ಕಡಿಮೆ ಮಾಡಿಸಿದೆವು. ಸೀಳಿ ಹೋದ ಅಂಚಿನ ತುಂಡಿನ ಮೇಲೆ ಒಂದು ಸಲ ಹಾಕಿ ನೋಡಿ, ಆಮೇಲೆ ತೋಳಿಗೆ.

ಮಾವಿನಕಾಯಿ ಮಾವಿನಕಾಯಿಯಾಗೇ ಬಂತು. ಮದುವೆಯಲ್ಲಿ ಎಲ್ಲರೂ ಬುಟ್ಟ ನೋಡಿ ಹೊಗಳುತ್ತಾರೆ, ಅದು ಖಂಡಿತ. ತೋಳನ್ನು ಒಳಮಗ್ಗುಲು ಮಾಡಿ ನೋಡುವವರು ಯಾರೂ ಇರುವುದಿಲ್ಲ. ಅತ್ತಿಗೆ ಮಾತ್ರ ಅಸ್ತರು ಕೂರಿಸುವ ಮುಂಚೆ ಒಳಗಿನ ಆ ಬಿಳಿ ತುಂಡನ್ನು ಒಂದು ಸಲ ಸವರಿ, "ಪಾಪ, ಇದೂ ಒಳಗೇ ಇರ್ಲಿ ಬಿಡು" ಅಂದರು.

ಐದೂ ಸುರುಳಿಗಳ ಮೇಲೆ ಈಗ ಮಾರ್ಕರಿನಲ್ಲಿ ಹೆಸರು ಬರೆದಿಟ್ಟಿದ್ದೇವೆ. ನಿಮ್ಮ ಮನೆಯ ಹಿರಿಯರು, ನಿಮ್ಮೂರಿನ ಟೈಲರುಗಳು ಇದನ್ನು ಏನೆಂದು ಕರೆಯುತ್ತಾರೆ? 'ಒತ್ತಾಸೆ'ಗಿಂತ ಒಳ್ಳೆಯ ಹೆಸರು ಗೊತ್ತಿದ್ದರೆ ಹೇಳಿ, ಸುರುಳಿಗಳ ಮೇಲೆ ತಿದ್ದಿ ಬರೆಯೋಣ.